ಐವತ್ತು ಪೆಟ್ಟಿಗೆ ಕಾಗದದ ಜನರಲ್

ಓದುಗರ ಪತ್ರ: ಕಳೆದ ಸಂಚಿಕೆಯ ಶೀತಲ ಸಮರದ ಲೇಖನದಲ್ಲಿ ಜರ್ಮನ್ ಜನರಲ್ ರೈನ್‌ಹಾರ್ಡ್ ಗೇಲೆನ್ ಬಗ್ಗೆ ಎರಡೇ ಸಾಲು ಬರೆದು, ಅದರಲ್ಲೂ ‘ಸೋತ ಬೇಹುಗಾರ’ ಎಂದುಬಿಟ್ಟಿದ್ದೀರಿ. ಸ್ಟಾಲಿನ್‌ಗ್ರಾಡ್ ದಾಳಿಯನ್ನು ಮೊದಲೇ ಹೇಳಿದವರು, ಹಿಟ್ಲರನ ಮುಂದೆ ನಿಜದ ಲೆಕ್ಕ ಇಟ್ಟವರು ಅವರೇ ಎಂದು ನಾನು ಓದಿದ್ದೇನೆ. ಹಿಟ್ಲರನ ಸೈನ್ಯದ ಜನರಲ್ ಒಬ್ಬರು ಹನ್ನೊಂದೇ ವರ್ಷದಲ್ಲಿ ಪ್ರಜಾಪ್ರಭುತ್ವವೊಂದರ ಗುಪ್ತಚರ ಮುಖ್ಯಸ್ಥರಾದದ್ದು ಹೇಗೆ? ಅಷ್ಟು ಜಾಣರ ಕಚೇರಿಯಲ್ಲಿ ರಷ್ಯದ ಗೂಢಚಾರ ಹತ್ತು ವರ್ಷ ಕೂತಿದ್ದಾದರೂ ಹೇಗೆ?
– ಸೈನ್ಯದ ಸಿಗ್ನಲ್ಸ್ ವಿಭಾಗದಿಂದ ನಿವೃತ್ತರಾದ ಓದುಗರು, ಹಾಸನ

ಸಂಪಾದಕರ ಉತ್ತರ:

ಮಾನ್ಯರೆ, ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆ ಮನುಷ್ಯನನ್ನು ಎರಡು ಸಾಲಿನಲ್ಲಿ ಮುಗಿಸಬಾರದಿತ್ತು. ಆದರೆ ನೀವು ಓದಿದ್ದೂ ಪೂರ್ತಿ ಸರಿಯಲ್ಲ. ಗೇಲೆನ್ ಅಪರೂಪದ ಕಡತಗಾರ; ಮುನ್ಸೂಚನೆಯಲ್ಲಿ ಸಾಧಾರಣ; ತನ್ನ ಮನೆಯ ಬಾಗಿಲು ಕಾಯುವುದರಲ್ಲಿ ತೀರಾ ದುರ್ಬಲ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿದರೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಗೇಲೆನ್ ಹುಟ್ಟಿದ್ದು 1902ರ ಏಪ್ರಿಲ್ 3ರಂದು, ಎರ್ಫುರ್ಟ್‌ನಲ್ಲಿ. 1920ರಲ್ಲಿ ಸೈನ್ಯ ಸೇರಿ ಫಿರಂಗಿದಳದಲ್ಲಿದ್ದು, ಆಮೇಲೆ ಯುದ್ಧಯೋಜನೆ ಮಾಡುವ ಜನರಲ್ ಸ್ಟಾಫ್‌ಗೆ ಬಂದರು. ಸ್ವಲ್ಪ ಕಾಲ ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಹಾಲ್ಡರ್ ಅವರ ಸಹಾಯಕ. 1942ರ ಏಪ್ರಿಲ್ 1ರಂದು ‘ಫ್ರೆಮ್ಡೆ ಹೇರೆ ಓಸ್ಟ್’ ಅಂದರೆ ‘ಪೂರ್ವದ ಪರಕೀಯ ಸೇನೆಗಳು’ ಎಂಬ ವಿಭಾಗ ಅವರ ಕೈಗೆ ಬಂತು. ಇಲ್ಲೊಂದು ತಪ್ಪು ಕಲ್ಪನೆ ಬಿಡಬೇಕು: ಇದು ಗೂಢಚಾರರನ್ನು ಕಳಿಸುವ ಸಂಸ್ಥೆಯಲ್ಲ, ಬಂದ ಸುದ್ದಿಯನ್ನು ತೂಗಿ ನೋಡುವ ಕಚೇರಿ. ಗೂಢಚಾರರನ್ನು ನಡೆಸುತ್ತಿದ್ದದ್ದು ಆಪ್‌ವೇರ್ ಎಂಬ ಇನ್ನೊಂದು ಸಂಸ್ಥೆ.

ಅಲ್ಲಿನ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ನಿಮಗೆ ಬೇಗ ಹಿಡಿಸೀತು. ಶತ್ರುವಿನ ಒಂದೊಂದು ಪಡೆಗೂ ದಾಖಲೆ: ಅದರ ಸಂಖ್ಯೆ, ದಂಡನಾಯಕನ ಹೆಸರು, ಕೊನೆಯ ಸಲ ಕಂಡ ಜಾಗ, ಉಳಿದಿರುವ ಬಲ. ಸುದ್ದಿ ಬರುತ್ತಿದ್ದದ್ದು ಸೆರೆಯಾಳುಗಳ ವಿಚಾರಣೆಯಿಂದ, ಸತ್ತವರ ಜೇಬಿನ ಕಾಗದಗಳಿಂದ, ಪತ್ರಗಳ ಮೇಲಿನ ಸೈನಿಕ ಅಂಚೆ ಸಂಖ್ಯೆಗಳಿಂದ, ವಿಮಾನದಿಂದ ತೆಗೆದ ಚಿತ್ರಗಳಿಂದ, ಎಲ್ಲಕ್ಕಿಂತ ಹೆಚ್ಚಾಗಿ ಕದ್ದು ಕೇಳಿದ ರೇಡಿಯೊದಿಂದ. ಗೇಲೆನ್ ಕೆಲಸವನ್ನು ಮೂರು ಗುಂಪಿಗೆ ಹಂಚಿದರು. ಒಂದು, ದಿನದಿನದ ರಣರಂಗದ ಲೆಕ್ಕಕ್ಕೆ; ಇನ್ನೊಂದು, ಶತ್ರುದೇಶದ ಜನಬಲ, ಟ್ಯಾಂಕ್ ತಯಾರಿಕೆಯಂಥ ದೀರ್ಘಕಾಲದ ಲೆಕ್ಕಕ್ಕೆ; ಮೂರನೆಯದರಲ್ಲಿ ರಷ್ಯನ್ ಬಲ್ಲವರು ಕೂತು ವಿಚಾರಣೆಯ ಹೇಳಿಕೆ, ವಶಪಡಿಸಿಕೊಂಡ ಕಾಗದಗಳನ್ನು ಓದುತ್ತಿದ್ದರು. ಒಂದು ಡಿವಿಷನ್, ಅಂದರೆ ಸಾವಿರಾರು ಸೈನಿಕರ ಪಡೆ, ವಾರಗಟ್ಟಲೆ ಎಲ್ಲೂ ಕಾಣಿಸಲಿಲ್ಲ ಎಂದರೆ ಅದು ನಾಶವಾಗಿರಬೇಕು, ಇಲ್ಲವೇ ಹಿಂದೆ ಸರಿದು ದಾಳಿಗೆ ಅಣಿಯಾಗುತ್ತಿರಬೇಕು. ಎರಡರಲ್ಲಿ ಯಾವುದು ಎಂದು ಹೇಳುವುದೇ ಈ ವಿದ್ಯೆಯ ಕಷ್ಟದ ಭಾಗ.

ಅಲ್ಲೇ ಗೇಲೆನ್ ಎಡವಿದ್ದು. ಮುಂಚೂಣಿಯ ಕಂದಕದಲ್ಲಿರುವ ಪಡೆಯ ಸುದ್ದಿಯನ್ನು ಸೆರೆಯಾಳು ಹೇಳುತ್ತಾನೆ. ನೂರು ಕಿಲೋಮೀಟರ್ ಹಿಂದೆ ಕಾದಿಟ್ಟ ಪಡೆ ಅವನಿಗೂ ಗೊತ್ತಿರುವುದಿಲ್ಲ. ಅದನ್ನು ಹಿಡಿಯಲು ರೇಡಿಯೊ ಬೇಕು, ವಿಮಾನ ಬೇಕು. ಸೋವಿಯತ್ ಸೇನೆ ರೇಡಿಯೊ ಮುಚ್ಚಿ, ರಾತ್ರಿಯಲ್ಲೇ ಪಡೆಗಳನ್ನು ಸಾಗಿಸುವುದನ್ನು ಕಲಿತ ದಿನದಿಂದ ಈ ಕಚೇರಿಗೆ ಕಣ್ಣು ಕಟ್ಟಿದಂತಾಯಿತು. 1942ರ ನವೆಂಬರ್ 6ರ ವರದಿಯಲ್ಲಿ ಮುಖ್ಯ ಪೆಟ್ಟು ಮಾಸ್ಕೋ ದಿಕ್ಕಿನಲ್ಲಿದ್ದ ಜರ್ಮನಿಯ ಮಧ್ಯದ ಸೇನಾಸಮೂಹದ ಮೇಲೆ ಬೀಳುತ್ತದೆ ಎಂದಿದೆ. ನವೆಂಬರ್ 12ರ ವರದಿಯಲ್ಲಿ ಜರ್ಮನರ ಜೊತೆಗಿದ್ದ ರುಮೇನಿಯಾದ 3ನೇ ಸೇನೆಯ ಮೇಲೆ ದಾಳಿಯಾಗಬಹುದು, ಸ್ಟಾಲಿನ್‌ಗ್ರಾಡ್‌ಗೆ ಹೋಗುವ ರೈಲುಹಾದಿಯನ್ನು ಕಡಿಯುವುದು ಗುರಿಯಿರಬಹುದು, ಆದರೆ ಅದಕ್ಕಿಂತ ದೊಡ್ಡ ಕಾರ್ಯಾಚರಣೆಗೆ ಬೇಕಾದ ಬಲ ಕಾಣುತ್ತಿಲ್ಲ ಎಂದಿದೆ. ನವೆಂಬರ್ 19ರಂದು ದಾಳಿ ಶುರುವಾಯಿತು. 23ರಂದು ಕಲಾಚ್ ಬಳಿ ಉಂಗುರ ಕೂಡಿ, ಜರ್ಮನ್ 6ನೇ ಸೇನೆ ಒಳಗೆ ಸಿಕ್ಕಿಬಿತ್ತು. ಜಾಗ ಹೇಳಿದರು, ಗಾತ್ರ ಹೇಳಲಿಲ್ಲ. ಯುದ್ಧದಲ್ಲಿ ಗಾತ್ರ ತಪ್ಪಿದರೆ ಜಾಗ ಹೇಳಿದ್ದರಿಂದ ಬಂದದ್ದೇನು? ಅವರ ಪರವಾಗಿ ಒಂದು ಮಾತು: ಮಧ್ಯಭಾಗದ ಭಯ ಪೂರ್ತಿ ಸುಳ್ಳಾಗಿರಲಿಲ್ಲ. ನವೆಂಬರ್ 25ರಂದು ರ್ಜೇವ್ ಬಳಿಯೂ ಸೋವಿಯತ್ ಪಡೆಗಳು ದೊಡ್ಡ ದಾಳಿಗೇ ಇಳಿದವು.

1944ರ ತಪ್ಪಿಗೆ ಇಷ್ಟು ವಿನಾಯಿತಿಯೂ ಇಲ್ಲ. ಬೇಸಿಗೆಯ ಮುಖ್ಯ ದಾಳಿ ದಕ್ಷಿಣಕ್ಕೆ, ಗ್ಯಾಲಿಶಿಯಾ ಕಡೆಯಿಂದ ಎಂದು ಅವರ ವಿಭಾಗ ಕೊನೆಯವರೆಗೂ ನಂಬಿತ್ತು. ಸೋವಿಯತ್ ಟ್ಯಾಂಕ್ ಸೇನೆಗಳು ಉಕ್ರೇನಿನಲ್ಲೇ ಇವೆ ಎಂಬ ಲೆಕ್ಕದ ಮೇಲೆ ಕಟ್ಟಿದ ನಂಬಿಕೆ ಅದು. ದಾಳಿ ಬಂದದ್ದು ಜೂನ್ 22ರಿಂದ, ಬೆಲರೂಸಿನಲ್ಲಿ. ಮಧ್ಯದ ಸೇನಾಸಮೂಹದ 28 ಡಿವಿಷನ್‌ಗಳು ಹೋದವು. ಆಪ್‌ವೇರ್ ಕಳಿಸುತ್ತಿದ್ದ ಮಾಸ್ಕೋದ ‘ಮ್ಯಾಕ್ಸ್’ ಹೆಸರಿನ ವರದಿಗಳನ್ನು ಗೇಲೆನ್ ಬಹಳ ನಂಬಿದ್ದರು. ಆ ಹೆಸರಿನಲ್ಲಿ ಜರ್ಮನರಿಗಾಗಿ ದುಡಿಯುತ್ತಿದ್ದ ಅಲೆಕ್ಸಾಂಡರ್ ದೆಮ್ಯಾನೊವ್ ಅಸಲಿಗೆ ಸೋವಿಯತ್ ಗುಪ್ತದಳದವನು. ಮೂಲ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಹೆಚ್ಚು ಅನುಮಾನ ಬೇಕು ಎಂಬ ಪಾಠ ಅವರ ಕಚೇರಿಗೆ ಆಗಲೂ ಹತ್ತಲಿಲ್ಲ, ಮುಂದೆಯೂ ಹತ್ತಲಿಲ್ಲ.

ಹಿಟ್ಲರನ ಮುಂದೆ ನಿಜ ಹೇಳಿದ್ದು ಮಾತ್ರ ಹೌದು, ಆದರೆ ಹೇಳಿದವರು ಆಗ ಜನರಲ್ ಸ್ಟಾಫ್ ಮುಖ್ಯಸ್ಥರಾಗಿದ್ದ ಗುಡೇರಿಯನ್. 1945ರ ಜನವರಿಯಲ್ಲಿ ವಿಸ್ಟುಲಾ ನದಿಯಾಚೆ ಕೂಡಿದ್ದ ಸೋವಿಯತ್ ಬಲದ ಬಗ್ಗೆ ಗೇಲೆನ್ ತಯಾರಿಸಿದ ಲೆಕ್ಕವನ್ನು ಅವರು ಮುಂದಿಟ್ಟಾಗ, ಇದನ್ನು ಬರೆದವನನ್ನು ಹುಚ್ಚಾಸ್ಪತ್ರೆಗೆ ಹಾಕಬೇಕು ಎಂದು ಹಿಟ್ಲರ್ ಕೂಗಾಡಿದ. ಹಾಗಿದ್ದರೆ ನನ್ನನ್ನೂ ಹಾಕಿ ಎಂದರು ಗುಡೇರಿಯನ್. ಜನವರಿ 12ರಂದು ದಾಳಿ ಆಯಿತು, ಈ ಸಲ ಲೆಕ್ಕ ಸರಿಯಿತ್ತು. ಏಪ್ರಿಲ್‌ನಲ್ಲಿ ಗೇಲೆನ್ ಅವರನ್ನು ಹುದ್ದೆಯಿಂದ ತೆಗೆದುಹಾಕಲಾಯಿತು.

ಇನ್ನು ಹಿಟ್ಲರನ ಜನರಲ್ ಗುಪ್ತಚರ ಮುಖ್ಯಸ್ಥರಾದದ್ದು ಹೇಗೆ ಎಂಬ ನಿಮ್ಮ ಮೊದಲ ಪ್ರಶ್ನೆ. ಸೋಲು ಖಚಿತವಾದಾಗ ಉಳಿದ ಅಧಿಕಾರಿಗಳು ಕಾಗದ ಸುಟ್ಟರು, ಗೇಲೆನ್ ಕೂಡಿಸಿಟ್ಟರು. ಮುಖ್ಯ ಕಡತಗಳನ್ನು ಮೈಕ್ರೋಫಿಲ್ಮ್ ಮಾಡಿಸಿ, ನೀರು ನುಗ್ಗದ ಸುಮಾರು 50 ಪೆಟ್ಟಿಗೆಗಳಲ್ಲಿ ತುಂಬಿ ಆಲ್ಪ್ಸ್ ಬೆಟ್ಟಗಳಲ್ಲಿ ಹೂಳಿಸಿದರು. ಬಾಡ್ ಎಲ್‌ಸ್ಟರ್‌ನಲ್ಲಿ ತಮ್ಮ ಸಹಾಯಕ ವೆಸೆಲ್, ಪೂರ್ವ ರಣರಂಗದ ಗೂಢಚಾರರನ್ನು ನಡೆಸುತ್ತಿದ್ದ ಬೌನ್ ಇಬ್ಬರೊಡನೆ ಮುಂದಿನ ಹೆಜ್ಜೆ ಮಾತಾಡಿಕೊಂಡರು. 1945ರ ಮೇ 22ರಂದು ಶ್ಲಿಯರ್‌ಸೇ ಸರೋವರದ ಬಳಿ ಅಮೆರಿಕನ್ನರಿಗೆ ಶರಣಾದರು. ಮೊದಲು ಯಾರೂ ಅವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ವಿಚಾರಣಾಧಿಕಾರಿ ಕ್ಯಾಪ್ಟನ್ ಬೋಕರ್‌ಗೆ ಅವರ ಬೆಲೆ ಹೊಳೆಯಿತು. ಮೇಲಧಿಕಾರಿ ಜನರಲ್ ಸೈಬರ್ಟ್ ಒಪ್ಪಿದರು. ಚದುರಿಹೋಗಿದ್ದ ಸಹೋದ್ಯೋಗಿಗಳನ್ನು ಸೆರೆಶಿಬಿರಗಳಿಂದ ಹುಡುಕಿ ತಂದರು, ಪೆಟ್ಟಿಗೆಗಳನ್ನು ಅಗೆದು ತೆಗೆದರು. ಆಗಸ್ಟ್‌ನಲ್ಲಿ ತಂಡ ವಾಷಿಂಗ್ಟನ್ ಪಕ್ಕದ ಫೋರ್ಟ್ ಹಂಟ್‌ಗೆ ಹೋಯಿತು, 1946ರ ಜುಲೈನಲ್ಲಿ ಮರಳಿತು. ಅಮೆರಿಕದ ಭೂಸೇನೆ ದುಡ್ಡು ಕೊಟ್ಟು ನಡೆಸಿದ ಈ ಕೆಲಸಕ್ಕೆ ‘ಆಪರೇಷನ್ ರಸ್ಟಿ’ ಎಂದು ಹೆಸರು.

ಇದರಲ್ಲಿ ಮಾಯ ಮಂತ್ರವೇನೂ ಇಲ್ಲ. ಸೋವಿಯತ್ ಸೈನ್ಯದ ಬಗ್ಗೆ ಅಮೆರಿಕನ್ನರ ಬಳಿ ಕಡತ ಇರಲಿಲ್ಲ, ಇವರ ಬಳಿ ಇತ್ತು. ಮಾರುವ ಗಳಿಗೆಯೂ ಗೊತ್ತಿತ್ತು. 1947ರ ಡಿಸೆಂಬರ್‌ನಲ್ಲಿ ಗೇಲೆನ್ ಅವರ ಈ ಸಂಸ್ಥೆ ಮ್ಯೂನಿಕ್ ಪಕ್ಕದ ಪುಲ್ಲಾಖ್‌ಗೆ ಬಂತು, ನಾಜಿ ಪಕ್ಷದ ಅಧಿಕಾರಿಗಳಿಗಾಗಿ ಕಟ್ಟಿದ್ದ ಗೋಡೆಯೊಳಗಿನ ವಸತಿಗೆ. ಆ ಕಾಲದ ಅತ್ಯುತ್ತಮ ಕೆಲಸವೆಂದರೆ, ನನ್ನ ಅಭಿಪ್ರಾಯದಲ್ಲಿ, ಸೋವಿಯತ್ ಸೆರೆಯಿಂದ ಮರಳುತ್ತಿದ್ದ ಜರ್ಮನ್ ಸೈನಿಕರನ್ನು ಗುಂಪುಗುಂಪಾಗಿ ಮಾತಾಡಿಸಿದ್ದು. ಯಾವ ಊರಿನ ಕಾರ್ಖಾನೆಯಲ್ಲಿ ದುಡಿದೆ, ಅಲ್ಲಿ ಏನು ತಯಾರಾಗುತ್ತಿತ್ತು, ರೈಲುಹಾದಿ ಎಲ್ಲಿಂದ ಎಲ್ಲಿಗೆ. ಒಬ್ಬೊಬ್ಬನದು ಚೂರು ಸುದ್ದಿ. ಸಾವಿರಾರು ಜನರದು ಕೂಡಿದಾಗ ನಕ್ಷೆ. 1956ರ ಏಪ್ರಿಲ್ 1ರಂದು ಇದೇ ಸಂಸ್ಥೆ ಬಿಎನ್‌ಡಿ ಎಂಬ ಹೆಸರಿನಲ್ಲಿ ಪಶ್ಚಿಮ ಜರ್ಮನಿಯ ಸರ್ಕಾರಿ ಗುಪ್ತಚರ ಇಲಾಖೆಯಾಯಿತು, ಗೇಲೆನ್ ಅದರ ಮೊದಲ ಅಧ್ಯಕ್ಷರಾದರು. ಚಾನ್ಸಲರ್ ಆಡೆನೌವರ್ ಅವರ ವಿಶ್ವಾಸ ಗಳಿಸಿದ ಬಗೆ ಮಾತ್ರ ಶುದ್ಧವಾದದ್ದಲ್ಲ: ವಿರೋಧಪಕ್ಷದ ನಾಯಕರ ಒಳಗಿನ ಸುದ್ದಿಯೂ ಅವರಿಗೆ ಇಲ್ಲಿಂದ ಹೋಗುತ್ತಿತ್ತು.

ರಷ್ಯದ ಗೂಢಚಾರ ಒಳಗೆ ಕೂತದ್ದು ಹೇಗೆ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ನೇಮಕಾತಿಯಲ್ಲಿದೆ. ಗುಟ್ಟಿನ ಸಂಸ್ಥೆ ಜಾಹೀರಾತು ಕೊಟ್ಟು ಜನರನ್ನು ತೆಗೆದುಕೊಳ್ಳಲಾಗದು. ಒಳಗಿದ್ದವರು ತಮ್ಮ ಹಳೆಯ ಗೆಳೆಯರನ್ನು ತಂದರು, ಆ ಗೆಳೆಯರು ಮತ್ತೆ ಗೆಳೆಯರನ್ನು. ಹೀಗೆ ನಾಜಿ ಪಕ್ಷದ ಪಡೆಯಾದ ಎಸ್‌ಎಸ್, ಗುಪ್ತ ಪೊಲೀಸ್ ದಳವಾದ ಗೆಸ್ಟಪೊಗಳಲ್ಲಿದ್ದವರು ನುಸುಳಿದರು. ವಾಲ್ಟರ್ ರೌಫ್, ಕ್ಲಾಸ್ ಬಾರ್ಬಿಯಂಥ ಯುದ್ಧಾಪರಾಧಿಗಳು ಕೂಡ ಬಿಎನ್‌ಡಿಯಿಂದ ಹಣ ಪಡೆದರು. ಇದನ್ನು ‘ಆ ಕಾಲದ ಅನಿವಾರ್ಯ’ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದು ನೀತಿಗೆಟ್ಟದ್ದು ಮಾತ್ರವಲ್ಲ, ಅಪಾಯದ್ದೂ ಹೌದು: ಮುಚ್ಚಿಡಬೇಕಾದ ಹಿಂದಿನ ಬದುಕು ಇರುವವನನ್ನು ಹೆದರಿಸಿ ಬಗ್ಗಿಸುವುದು ಸುಲಭ.

ನೀವು ಕೇಳಿದ ಗೂಢಚಾರ ಹೈನ್ಸ್ ಫೆಲ್ಫೆ ಬಂದದ್ದು ಇದೇ ದಾರಿಯಲ್ಲಿ. ಡ್ರೆಸ್ಡೆನ್‌ನವನು, ಹಿಂದೆ ಎಸ್‌ಎಸ್ ಗುಪ್ತಚರ ವಿಭಾಗದವನು. ಅದೇ ಊರಿನ, ಅದೇ ಹಿನ್ನೆಲೆಯ ಹಾನ್ಸ್ ಕ್ಲೆಮೆನ್ಸ್ ಮೊದಲು ರಷ್ಯನ್ನರ ಕೈಸೇರಿ, ಇವನನ್ನೂ ಸೇರಿಸಿ, 1951ರ ಕೊನೆಯಲ್ಲಿ ಗೇಲೆನ್ ಸಂಸ್ಥೆಗೂ ಕರೆತಂದ. ಬ್ರಿಟಿಷರು ತಮಗಾಗಿ ದುಡಿಯುತ್ತಿದ್ದ ಫೆಲ್ಫೆಯನ್ನು ಅದಕ್ಕೆ ಮೊದಲೇ ಅನುಮಾನಪಟ್ಟು ಕೈಬಿಟ್ಟಿದ್ದರು. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಅವನನ್ನು ಬೆಳೆಸಿದ ಕ್ರಮ ಗಮನಿಸಿ: ನಿಜವಾದ ಸುದ್ದಿಯನ್ನೇ ಅವನ ಮೂಲಗಳ ಮೂಲಕ ಕೊಡುತ್ತಾ ಹೋಯಿತು. ‘ಲೆನಾ’ ಎಂಬ ಗುಪ್ತನಾಮದ ಪೂರ್ವ ಜರ್ಮನಿಯ ಮೂಲ ಅಂಥದ್ದು. ಪ್ರತಿ ಸುದ್ದಿಗೂ ಮೆಚ್ಚುಗೆ, ಪ್ರತಿ ಮೆಚ್ಚುಗೆಗೂ ಒಂದು ಮೆಟ್ಟಿಲು ಮೇಲೆ. ಕೊನೆಗೆ ಸೋವಿಯತ್ ಗೂಢಚಾರರನ್ನು ಹಿಡಿಯುವ ಶಾಖೆಯೇ ಅವನ ಕೈಗೆ ಬಂತು. ಸಂಬಳಕ್ಕೆ ಮೀರಿದ ಮನೆ ಕಟ್ಟಿಕೊಂಡದ್ದನ್ನೂ ಯಾರೂ ಕೆದಕಲಿಲ್ಲ. ಗೇಲೆನ್ ಅವರೇ ಮೆಚ್ಚಿದವನನ್ನು ಕೆದಕುವವರು ಯಾರು?

ಬೀಗ ಒಳಗಿನಿಂದ ತೆರೆಯಲಿಲ್ಲ. 1961ರ ಜನವರಿಯಲ್ಲಿ ಪಶ್ಚಿಮಕ್ಕೆ ಬಂದ ಪೋಲೆಂಡಿನ ಗುಪ್ತಚರ ಅಧಿಕಾರಿ ಗೊಲೆನಿಯೆವ್ಸ್ಕಿ, 1956ರಲ್ಲಿ ಅಮೆರಿಕಕ್ಕೆ ಹೋಗಿಬಂದ ಆರು ಬಿಎನ್‌ಡಿ ಅಧಿಕಾರಿಗಳಲ್ಲಿ ಇಬ್ಬರು ಕೆಜಿಬಿಯವರು ಎಂಬ ಸುಳಿವು ಕೊಟ್ಟ. ಆ ಪಟ್ಟಿಯಲ್ಲಿ ಫೆಲ್ಫೆ ಇದ್ದ. ನವೆಂಬರ್ 6ರಂದು ಬಂಧನ. 1963ರಲ್ಲಿ ಅವನಿಗೆ 14 ವರ್ಷ, ಕ್ಲೆಮೆನ್ಸ್‌ಗೆ 10 ವರ್ಷ ಶಿಕ್ಷೆ. 1969ರಲ್ಲಿ ಕೈದಿಗಳ ವಿನಿಮಯದಲ್ಲಿ ಫೆಲ್ಫೆ ಪೂರ್ವ ಜರ್ಮನಿಗೆ ಹೋದ. ಗೇಲೆನ್ 1968ರವರೆಗೆ ಕುರ್ಚಿಯಲ್ಲಿದ್ದರೂ ಸಂಸ್ಥೆಯ ಮೇಲಿನ ನಂಬಿಕೆ ಮತ್ತೆ ಮೊದಲಿನಂತಾಗಲಿಲ್ಲ. ಅವರ ಜಾಗಕ್ಕೆ ಬಂದವರು ಅದೇ ವೆಸೆಲ್. 1979ರ ಜೂನ್ 8ರಂದು ಗೇಲೆನ್ ತೀರಿಕೊಂಡರು.

ಕೊನೆಯದಾಗಿ ಒಂದು ತಿದ್ದುಪಡಿ. ಸಿಐಎ ಈ ಸಂಸ್ಥೆಯನ್ನು 1947ರಲ್ಲಿ ವಹಿಸಿಕೊಂಡಿತು ಎಂದು ನಮ್ಮ ಲೇಖನದಲ್ಲಿ ಅಚ್ಚಾಗಿದೆ. ಸರಿಯಾದ ದಿನಾಂಕ 1949ರ ಜುಲೈ 1. ನಿಮ್ಮ ಪ್ರತಿಯಲ್ಲಿ ದಯವಿಟ್ಟು ತಿದ್ದಿಕೊಳ್ಳಿ.