ಸಮುದ್ರದಲ್ಲಿ ಮೀನುಗಾರಿಕೆ ತಪಾಸಣೆಯ ತರಬೇತಿಗೆ ಹಡಗು ಬಾಡಿಗೆಗೆ ಪಡೆಯುವಾಗ ಏನೇನು ನೋಡಬೇಕು?

ಟೈಮ್ ಚಾರ್ಟರ್, ಅಂದರೆ ನಾವಿಕರ ಸಮೇತ ಇಂತಿಷ್ಟು ಅವಧಿಗೆ ಹಡಗು ಬಾಡಿಗೆಗೆ ಪಡೆಯುವ ಕರಾರು, ಸಾಕು: ನಾವಿಕರು, ದುರಸ್ತಿ, ಹಡಗಿನ ವಿಮೆ ಮಾಲೀಕರದು, ಇಂಧನ, ಬಂದರು ಶುಲ್ಕ ನಿಮ್ಮದು. ಸ್ಪೇನಿನ ವೀಗೋದಲ್ಲಿರುವ ಯುರೋಪಿಯನ್ ಮೀನುಗಾರಿಕೆ ನಿಯಂತ್ರಣ ಸಂಸ್ಥೆಯೂ ಬಾಡಿಗೆ ಹಡಗುಗಳನ್ನು ಬಳಸುತ್ತದೆ. ಕರಾರಿಗೆ ಹಡಗು ಉದ್ಯಮದ ಅಂತರರಾಷ್ಟ್ರೀಯ ಸಂಘ ಬಿಮ್ಕೋದ ಸಪ್ಲೈಟೈಮ್ 2017 ಎಂಬ ಸಿದ್ಧ ನಮೂನೆ ಒಳ್ಳೆಯ ಆಧಾರ.

ಎಡವುವುದು ಜನರ ಲೆಕ್ಕದಲ್ಲಿ. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ಪ್ರಕಾರ 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅದು ಪ್ರಯಾಣಿಕರ ಹಡಗು. ಮಲಗಲು ಜಾಗ ಎಷ್ಟಿದ್ದರೂ ಅಷ್ಟೇ. ಹೆಚ್ಚು ಜನರಿದ್ದರೆ ವಿಶೇಷ ಉದ್ದೇಶದ ಹಡಗೆಂಬ ಪ್ರಮಾಣಪತ್ರ ಇದೆಯೇ ಕೇಳಿ. ಅದರಲ್ಲಿ ಬರೆದ ಸಂಖ್ಯೆಯೇ ಅಂತಿಮ, ದಲ್ಲಾಳಿಯ ಮಾತಲ್ಲ.

ತರಬೇತಿಯ ಜೀವಾಳ ಹಡಗಲ್ಲ, ತಪಾಸಕರನ್ನು ಮೀನುಗಾರಿಕೆ ಬೋಟಿಗೆ ಒಯ್ಯುವ ಅದರ ರಬ್ಬರ್ ಅಂಚಿನ ವೇಗದ ದೋಣಿ. ಪಾರುಗಾಣಿಕೆಯ ದೋಣಿಯನ್ನೇ ತಪಾಸಣೆಗೂ ಬಳಸಬೇಡಿ; ಎರಡು ಬೇಕು. ದೋಣಿ ಇಳಿಸುವ ಕ್ರೇನ್ ಜನರನ್ನು ಹೊತ್ತು ಇಳಿಸಲು ಪರೀಕ್ಷಿತವಾಗಿರಲಿ. ಅದು ಕೆಟ್ಟರೆ ಹಡಗು ಓಡುತ್ತಿದ್ದರೂ ತರಬೇತಿ ನಿಂತಂತೆ, ಆದರೆ ಬಾಡಿಗೆ ನಿಲ್ಲಬೇಕೇ ಎಂಬ ಜಗಳ ಶುರು. ಆದ್ದರಿಂದ ಕ್ರೇನ್, ದೋಣಿ ಕೆಟ್ಟ ಹೊತ್ತಿಗೂ ಬಾಡಿಗೆ ಇಲ್ಲವೆಂದು ಕರಾರಿನಲ್ಲೇ ಬರೆಸಿ. ಹವಾಮಾನದಿಂದ ಕಳೆದ ದಿನ ಸಾಮಾನ್ಯವಾಗಿ ನಿಮ್ಮ ಖಾತೆಗೇ.

ತಪಾಸಣೆಗೆ ಬೋಟು ಹತ್ತುವ ಅಭ್ಯಾಸ ಮಾಡಲು ಮೊದಲೇ ಒಪ್ಪಿದ ಮೀನುಗಾರಿಕೆ ಬೋಟೂ ಬೇಕು, ಬಲೆ ಸಮೇತ. ಹಡಗು ಪಡೆಯುವಾಗಲೂ ಮರಳಿಸುವಾಗಲೂ ಇಬ್ಬರೂ ಸೇರಿ ಇಂಧನ ಅಳೆದು ಸಹಿ ಹಾಕಿ.