ಮಾರ್ಗರೆಟ್ ರುದರ್‌ಫರ್ಡ್ ಸಿನಿಮಾಗಳು: ಎಲ್ಲಿಂದ ಶುರು ಮಾಡೋದು

ಮೇಡಂ, ನೀವು ಅರ್ಧ ನೋಡಿ ಬಿಟ್ಟ ಆ ಕಪ್ಪು-ಬಿಳುಪು ಸಿನಿಮಾ 1961ರ 'ಮರ್ಡರ್ ಶಿ ಸೆಡ್'. ರೈಲಿನ ಕಿಟಕಿಯಲ್ಲಿ ಕೊಲೆ ನೋಡಿ, ಪೊಲೀಸರು ನಂಬದಿದ್ದಾಗ ತಾನೇ ಮನೆಗೆಲಸಕ್ಕೆ ಸೇರಿ ಪತ್ತೆ ಮಾಡುವ ಅಜ್ಜಿ ಮಿಸ್ ಮಾರ್ಪಲ್ ಪಾತ್ರದಲ್ಲಿ ಬ್ರಿಟಿಷ್ ನಟಿ ಮಾರ್ಗರೆಟ್ ರುದರ್‌ಫರ್ಡ್.

ಇದರ ಮೂಲವಾದ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿ ಓದಿದ ನಿಮ್ಮಮ್ಮ "ಇವಳು ಮಿಸ್ ಮಾರ್ಪಲ್ಲೇ ಅಲ್ಲ" ಅಂದರಂತಲ್ಲ, ಅವರು ಹೇಳಿದ್ದು ಸರಿಯೇ. ಪುಸ್ತಕದ ಮಾರ್ಪಲ್ ಸಣಕಲು ದೇಹದ, ಸ್ವೆಟರ್ ಹೆಣೆಯುತ್ತಾ ಕೂರುವ ಮೆದು ಮಾತಿನ ಹೆಂಗಸು. ಆ ಕಾದಂಬರಿಯಲ್ಲಿ ಕೊಲೆ ನೋಡುವವಳು ಒಬ್ಬಳು, ಕೆಲಸಕ್ಕೆ ಸೇರುವವಳು ಇನ್ನೊಬ್ಬಳು. ಸಿನಿಮಾದವರು ಎರಡನ್ನೂ ರುದರ್‌ಫರ್ಡ್ ಹೆಗಲಿಗೇ ಹಾಕಿದರು. ಈಕೆಯ ಮುಂದಿನ ಎರಡು ಮಾರ್ಪಲ್ ಚಿತ್ರಗಳಂತೂ ಮೂಲದಲ್ಲಿ ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರ ಪೊಯ್ರೋನ ಕಥೆಗಳು! ಆದರೂ ಕ್ರಿಸ್ಟಿ 1962ರ ತಮ್ಮ ಮಾರ್ಪಲ್ ಕಾದಂಬರಿಯನ್ನು ಅರ್ಪಿಸಿದ್ದು ರುದರ್‌ಫರ್ಡ್‌ಗೇ. ಅಮ್ಮನಿಗೆ 1984ರಿಂದ ಬಂದ ಬಿಬಿಸಿ ಸರಣಿ ಹಾಕಿಕೊಡಿ. ಅದರ ಮಾರ್ಪಲ್ ಜೋನ್ ಹಿಕ್ಸನ್. ನೀವು ನೋಡಿದ ಸಿನಿಮಾದಲ್ಲಿ ಅವರೂ ಇದ್ದಾರೆ, ಮನೆಗೆಲಸದವಳಾಗಿ.

ನೀವು ಮಾತ್ರ 1945ರ 'ಬ್ಲೈದ್ ಸ್ಪಿರಿಟ್'ನಿಂದ ಶುರು ಮಾಡಿ. ಡೇವಿಡ್ ಲೀನ್ ನಿರ್ದೇಶನ, ಬಣ್ಣದ ಚಿತ್ರ. ಇದರಲ್ಲಿ ಈಕೆ ಸತ್ತವರ ಆತ್ಮಗಳನ್ನು ಕರೆಸುವ ಮೇಡಂ ಆರ್ಕಾಟಿ. 1941ರಲ್ಲಿ ಲಂಡನ್ ರಂಗಭೂಮಿಯಲ್ಲೂ ಈ ಪಾತ್ರ ಇವರದೇ. ಒಂದು ವಿಷಯ ಗಮನಿಸಿ: ಎಲ್ಲೂ ನಗಿಸಲು ಹೋಗುವುದಿಲ್ಲ. ತಾನು ಮಾಡುವ ಕೆಲಸದ ಮೇಲೆ ಆರ್ಕಾಟಿಗೆ ಪೂರ್ತಿ ನಂಬಿಕೆ, ಸೈಕಲ್ ಏರುವಾಗಲೂ ಅದೇ ಗಾಂಭೀರ್ಯ. ಗಲ್ಲ ಅಲುಗಾಡುತ್ತದೆ, ಕಣ್ಣು ಅಗಲವಾಗುತ್ತದೆ, ನಾವು ಬಿದ್ದು ಬಿದ್ದು ನಗುತ್ತೇವೆ.

ರುದರ್‌ಫರ್ಡ್ ಬದುಕಿನ ಬಗ್ಗೆ ಕೇಳಿದ್ದಿರಿ. 1892ರಲ್ಲಿ ಲಂಡನ್ನಿನಲ್ಲಿ ಹುಟ್ಟು. ಅದಕ್ಕೂ ಮೊದಲೇ, 1883ರಲ್ಲಿ, ಇವರ ತಂದೆ ಬುದ್ಧಿ ಸ್ಥಿಮಿತ ತಪ್ಪಿ ಸ್ವಂತ ಅಪ್ಪನನ್ನೇ ಕೊಂದು ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆ ಸೇರಿದ್ದರು. ಬಿಡುಗಡೆಯಾದ ಮೇಲೆ ಬೆನ್ ಎಂಬ ಮನೆತನದ ಹೆಸರನ್ನೇ ಬಿಟ್ಟು, ಹೆಂಡತಿ ಮತ್ತು ಕೂಸಿನ ಜೊತೆ ಬಂದದ್ದು ನಮ್ಮ ಪಕ್ಕದ ಮದ್ರಾಸಿಗೆ. ಅಲ್ಲಿ ತಾಯಿ ನೇಣು ಹಾಕಿಕೊಂಡರು. ಮಗುವನ್ನು ವಿಂಬಲ್ಡನ್ನಿನ ಚಿಕ್ಕಮ್ಮ ಸಾಕಿದರು. ತಂದೆ ಮತ್ತೆ ಬ್ರಾಡ್‌ಮೂರ್ ಸೇರಿದ್ದರೂ ಹುಡುಗಿಗೆ ಹೇಳಿದ್ದು ತೀರಿಹೋದರು ಅಂತ. ಇಷ್ಟು ಗೊತ್ತಾದ ಮೇಲೆ ನನಗಂತೂ ಆ ಆರ್ಕಾಟಿ ಪಾತ್ರವನ್ನು ಬರೀ ತಮಾಷೆಯಾಗಿ ನೋಡಲು ಆಗಿಲ್ಲ.

ಪಿಯಾನೋ ಮತ್ತು ಭಾಷಣ ಕಲೆಯ ಪಾಠ ಹೇಳಿ ಬದುಕುತ್ತಿದ್ದವರು ಓಲ್ಡ್ ವಿಕ್ ರಂಗಮಂದಿರ ಸೇರಿದಾಗ ವಯಸ್ಸು 33. ಮೊದಲ ಸಿನಿಮಾ 1936ರಲ್ಲಿ. 1945ರಲ್ಲಿ ನಟ ಸ್ಟ್ರಿಂಗರ್ ಡೇವಿಸ್ ಜೊತೆ ಮದುವೆ. ಮಾರ್ಪಲ್ ಚಿತ್ರಗಳಲ್ಲಿ ಹಿಂದೆ ಮುಂದೆ ಓಡಾಡುವ ಪುಕ್ಕಲು ಮಿಸ್ಟರ್ ಸ್ಟ್ರಿಂಗರ್ ಅವರೇ. ಕಾದಂಬರಿಗಳಲ್ಲಿ ಇಲ್ಲದ ಪಾತ್ರ ಅದು.

ಎರಡನೆಯದಾಗಿ 1950ರ 'ದಿ ಹ್ಯಾಪಿಯೆಸ್ಟ್ ಡೇಸ್ ಆಫ್ ಯುವರ್ ಲೈಫ್' ನೋಡಿ. ಸರ್ಕಾರದ ಎಡವಟ್ಟಿನಿಂದ ಹುಡುಗರ ಶಾಲೆಗೆ ಹುಡುಗಿಯರ ಶಾಲೆ ಬಂದು ಸೇರುತ್ತದೆ. ಈಕೆ ಹೆಡ್‌ಮಿಸ್ಟ್ರೆಸ್, ಎದುರಿಗೆ ಅಲಸ್ಟೇರ್ ಸಿಮ್. ಸಬ್‌ಟೈಟಲ್ ಇಲ್ಲದೆ ಕೂರಬೇಡಿ, ಮಾತು ಬಹಳ ಚುರುಕು. ಆಸ್ಕರ್ ಬಂದದ್ದು 1963ರ 'ದಿ ವಿ.ಐ.ಪೀಸ್'ಗೆ, 71ನೇ ವಯಸ್ಸಿನಲ್ಲಿ, ಪೋಷಕ ನಟಿ ಪ್ರಶಸ್ತಿ. ಸಿನಿಮಾ ಎಳೆದಾಟ. ಈಕೆಯ ದೃಶ್ಯಗಳನ್ನಷ್ಟೇ ಓಡಿಸಿಕೊಂಡು ನೋಡಿದರೂ ನಷ್ಟವಿಲ್ಲ.

ಆಮೇಲೆ ಮಾರ್ಪಲ್‌ಗೆ ವಾಪಸ್ ಬನ್ನಿ. ನಾಲ್ಕನೆಯದಾದ 'ಮರ್ಡರ್ ಅಹಾಯ್!' ಕೊನೆಗಿರಲಿ. ಅದಕ್ಕೆ ಕಾದಂಬರಿಯೇ ಇಲ್ಲ, ಕಥೆ ಪೇಲವ. ಆದರೆ ಹಡಗಿನಲ್ಲಿ ಅಜ್ಜಿಯ ಕತ್ತಿವರಸೆ ಇದೆ, ತಪ್ಪಿಸಿಕೊಳ್ಳಬೇಡಿ.