ಉತ್ತರ: ದೋಟಿ ಹಿಡಿಯುವವರ ಭುಜನೋವು – ಕರೆಂಟ್, ಎಣ್ಣೆ, ಎಂಆರ್‌ಐ ಮತ್ತು ವ್ಯಾಯಾಮದ ಬಗ್ಗೆ

ಗೌಡರಿಗೆ ನಮಸ್ಕಾರ.

ಅಡಿಕೆ ತೋಟದಲ್ಲಿ ದೋಟಿ (ತುಂಡುಗಳನ್ನು ಜೋಡಿಸಿದ ಉದ್ದನೆಯ ಕೋಲು) ಹಿಡಿದು ಮೊದಲ ಬೋರ್ಡೋ (ಸುಣ್ಣ–ಮೈಲುತುತ್ತದ ದ್ರಾವಣ) ಸಿಂಪಡಣೆ ಮುಗಿಸಿದಾಗಿನಿಂದ ಬಲಭುಜದಲ್ಲಿ ನೋವು ಉಳಿದುಕೊಂಡಿದೆ, ಕೈಯನ್ನು ಪಕ್ಕದಿಂದ ಎತ್ತುವಾಗ ಅರ್ಧದಲ್ಲಿ ಚುಚ್ಚುತ್ತದೆ, ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ, ಹತ್ತು ದಿನ ಕರೆಂಟ್ (ಯಂತ್ರದ ವಿದ್ಯುತ್ ಚಿಕಿತ್ಸೆ) ಕೊಡಿಸಿದರೂ ಪೂರ್ತಿ ಹೋಗಿಲ್ಲ ಎಂದು ಈ ಗುಂಪಿನಲ್ಲಿ ಬರೆದಿದ್ದೀರಿ. ಎಂಆರ್‌ಐ ಮಾಡಿಸಬೇಕೇ, ಎಣ್ಣೆ ಹಾಕಿ ತಿಕ್ಕಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಕಬಡ್ಡಿಯಲ್ಲಿ ಕಾಲು ಉಳುಕಿಸಿಕೊಂಡ ಮಗನ ವಿಚಾರವನ್ನೂ ಕೇಳಿದ್ದೀರಿ; ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ನಾನು ಫಿಸಿಯೋಥೆರಪಿಯನ್ನೇ ವೃತ್ತಿಯಾಗಿ ಮಾಡುವವನು, ಮನೆಯಲ್ಲಿ ತೋಟವೂ ಇರುವುದರಿಂದ ದೋಟಿಯ ಕೆಲಸ ಭುಜದಿಂದ ಏನನ್ನು ಕೇಳುತ್ತದೆ ಎಂಬುದು ಗೊತ್ತು. ನಿಮ್ಮ ಲಕ್ಷಣಗಳನ್ನು ಓದಿದರೆ ಈ ಭುಜಕ್ಕೆ ಅಗತ್ಯವಿರುವುದು ಅಳತೆಯಿಟ್ಟು, ವಾರದಿಂದ ವಾರಕ್ಕೆ ಏರಿಸುತ್ತ ಹೋಗುವ ಭಾರ ಎನ್ನಿಸುತ್ತದೆ. ಆದರೆ ಹಾಗೆಂದು ನಿಶ್ಚಯಿಸುವ ಮೊದಲು ಮನೆಯಲ್ಲೇ ಮೂರು ಪರೀಕ್ಷೆಗಳನ್ನು ಮಾಡಿ ನೋಡಬೇಕು.

ಮೊದಲನೆಯದು: ಬಲಗೈಯನ್ನು ಸಡಿಲ ಬಿಟ್ಟು, ಎಡಗೈಯಿಂದಲೋ ಮನೆಯವರ ಸಹಾಯದಿಂದಲೋ ಅದನ್ನು ನಿಧಾನವಾಗಿ ಮೇಲೆತ್ತಿಸಿ. ಸ್ವಂತ ಬಲದಿಂದ ಎತ್ತಿದಾಗ ನೋವಾಗುವ ಕೈ ಇನ್ನೊಬ್ಬರು ಎತ್ತಿದಾಗ ಬಹುಪಾಲು ಪೂರ್ತಿ ಮೇಲಕ್ಕೆ ಹೋದರೆ ತೊಂದರೆ ಸಾಮಾನ್ಯವಾಗಿ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ನಿನಲ್ಲಿರುತ್ತದೆ. ಎರಡನೆಯದು: ಮೊಣಕೈಯನ್ನು ಪಕ್ಕೆಗೆ ಒತ್ತಿ 90 ಡಿಗ್ರಿ ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ಎಡಗೈಯೊಂದಿಗೆ ಹೋಲಿಸಿ. ಬಲಗೈ ಅರ್ಧಕ್ಕೇ ಬಿಗಿದು ನಿಂತು, ಇನ್ನೊಬ್ಬರು ತಳ್ಳಿದರೂ ಮುಂದೆ ಹೋಗದಿದ್ದರೆ ಅದು ಫ್ರೋಜನ್ ಶೋಲ್ಡರ್ (ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆ) ಇರಬಹುದು. ಅದು 40ರಿಂದ 60ರ ವಯಸ್ಸಿನಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಅದರ ದಾರಿಯೇ ಬೇರೆ, ಇಳಿಯಲು ಒಂದರಿಂದ ಮೂರು ವರ್ಷವೂ ಹಿಡಿಯಬಹುದು. ನಿಮ್ಮ ಸಕ್ಕರೆಯ ವಿಚಾರ ನೀವು ಬರೆದಿಲ್ಲ. ಈವರೆಗೆ ನೋಡಿಸಿರದಿದ್ದರೆ ಈ ನೆಪದಲ್ಲಾದರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಮೂರನೆಯ ಪರೀಕ್ಷೆ ಕುತ್ತಿಗೆಯದು; ದೋಟಿ ಹಿಡಿಯುವವರಲ್ಲಿ ಇದನ್ನು ಬಿಡಲೇಬಾರದು. ದಿನವಿಡೀ ಮರದ ತುದಿಯತ್ತ ಮುಖವೆತ್ತಿ ನಿಲ್ಲುವವರ ಕುತ್ತಿಗೆಯಲ್ಲಿ ನರದ ಬುಡ ಒತ್ತಿಕೊಂಡು, ನೋವು ಮಾತ್ರ ಭುಜದಲ್ಲಿ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಮುಖವನ್ನು ಬಲಕ್ಕೆ ತಿರುಗಿಸಿ ಮೇಲೆ ನೋಡಿದಾಗ ಭುಜದ ನೋವು ಕೆರಳಿ, ಮೊಣಕೈ ದಾಟಿ ಬೆರಳುಗಳವರೆಗೆ ಜೋಮು ಹರಿದರೆ ಕೆಳಗೆ ಬರೆಯುವ ಭುಜದ ವ್ಯಾಯಾಮಗಳನ್ನು ಶುರುಮಾಡದೆ ಮೊದಲು ಕುತ್ತಿಗೆಯನ್ನು ತೋರಿಸಿಕೊಳ್ಳಬೇಕು.

ಕೆಲವು ಲಕ್ಷಣಗಳಿದ್ದರೆ ಮನೆಯ ಪರೀಕ್ಷೆಯೂ ಬೇಡ, ನೇರವಾಗಿ ವೈದ್ಯರ ಬಳಿ ಹೋಗಬೇಕು. ಜಾರಿ ಬಿದ್ದ ಮೇಲೆ ಕೈ ಎತ್ತಲೇ ಆಗದಿರುವುದು, ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬರುವುದು, ಮಲಗಿದರೂ ಕೂತರೂ ತಗ್ಗದ ನೋವಿನ ಜೊತೆ ತೂಕ ಇಳಿಯುವುದು ಇವು ಅಂಥವು. ಎದೆ ಬಿಗಿದು, ಬೆವರಿ, ಭುಜಕ್ಕೆ ನೋವು ಹರಡಿದರೆ ಅದು ಹೃದಯದ್ದಿರಬಹುದು. ಆಗ ಒಂದು ಗಳಿಗೆಯನ್ನೂ ಕಳೆಯಬಾರದು. ನಮ್ಮ ಕಡೆಯವರಿಗೆ ಇನ್ನೂ ಒಂದು ಮಾತು ಸೇರಿಸಬೇಕಾಗುತ್ತದೆ. ಜ್ವರದೊಂದಿಗೆ ಮೈಕೈಯೆಲ್ಲ ಹಿಡಿದುಕೊಂಡರೆ ಅದನ್ನು ತೋಟದ ಕೆಲಸದ ಆಯಾಸವೆಂದುಕೊಂಡು ಎಣ್ಣೆ ತಿಕ್ಕುತ್ತ ಕೂರಬೇಡಿ. ಮಳೆಗಾಲದಲ್ಲಿ ಇಲಿ ಜ್ವರ, ಡೆಂಗಿ ಇರುತ್ತವೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಚಳಿಗಾಲದಿಂದ ಬೇಸಿಗೆಯವರೆಗೆ ಕಾಡುತ್ತದೆ. ಇವುಗಳಲ್ಲಿ ರಕ್ತಸ್ರಾವದ ಅಪಾಯವಿರುವುದರಿಂದ, ಪರೀಕ್ಷೆಯಾಗುವ ಮೊದಲೇ ಅಂಗಡಿಯಿಂದ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆ ತಂದು ನುಂಗುವುದು ಒಳ್ಳೆಯದಲ್ಲ.

ಇನ್ನು ನಿಮ್ಮ ಭುಜದ ವಿಚಾರ. ಭುಜದ ಕೀಲನ್ನು ಸುತ್ತಿ ಹಿಡಿದಿರುವ ಚಿಕ್ಕ ಸ್ನಾಯುಗಳು ನಾಲ್ಕು. ಅವುಗಳಲ್ಲಿ ಸುಪ್ರಾಸ್ಪೈನೇಟಸ್ ಎಂಬುದರ ಟೆಂಡನ್ ಭುಜದ ತುದಿಮೂಳೆಯ ಅಡಿಯಲ್ಲಿ ಹಾದು ತೋಳಿನ ಮೂಳೆಯ ನೆತ್ತಿಗೆ ಅಂಟಿಕೊಂಡಿದೆ. ಪಕ್ಕದಿಂದ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ನೋವು ಬಂದು, ಅದನ್ನು ದಾಟಿದರೆ ಹಗುರಾಗುವುದು ಅದು ಕೆರಳಿರುವುದರ ಪರಿಚಿತ ಗುರುತು. ಕಳೆದ ಕೊಯ್ಲು ಮುಗಿದ ಮೇಲೆ ತಿಂಗಳುಗಟ್ಟಲೆ ತಲೆಯ ಮೇಲೆ ಭಾರ ಎತ್ತದಿದ್ದ ಕೈಗೆ, ಮಳೆ ಹಿಡಿಯುವುದರೊಳಗೆ ಮುಗಿಸುವ ಅವಸರದಲ್ಲಿ ಬೆಳಗಿನಿಂದ ಸಂಜೆಯವರೆಗೆ ದೋಟಿ ಕೊಟ್ಟರೆ ಟೆಂಡನ್ ತಡೆಯುವುದಿಲ್ಲ. ಊರಿನ ಪಂದ್ಯಾವಳಿ ಹತ್ತಿರವಾದಾಗ ಒಮ್ಮೆಲೇ ಸ್ಮ್ಯಾಶ್ ಅಭ್ಯಾಸಕ್ಕಿಳಿಯುವ ವಾಲಿಬಾಲ್ ಹುಡುಗರಿಗೂ ಇದೇ ತೊಂದರೆ ಬರುತ್ತದೆ.

ಈ ಗುಂಪಿನಲ್ಲಿಯೇ ಒಬ್ಬರು ಕೈಯನ್ನು ಜೋಳಿಗೆಗೆ ಕಟ್ಟಿ ಒಂದು ತಿಂಗಳು ಅಲುಗಾಡಿಸಬೇಡಿ ಎಂದು ಸಲಹೆ ಕೊಟ್ಟಿದ್ದಾರೆ. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಗ್ಗ ಎಳೆದಷ್ಟೂ ಸವೆಯುತ್ತದೆ. ಆದರೆ ಟೆಂಡನ್ ಜೀವವಿರುವ ಅಂಗಾಂಶವಾದ್ದರಿಂದ ಅದು ತಾಳುವಷ್ಟು ಎಳೆತ ಸಿಕ್ಕರೆ ಬಲಿಯುತ್ತದೆ, ಏನೂ ಸಿಗದಿದ್ದರೆ ಇನ್ನಷ್ಟು ದುರ್ಬಲವಾಗುತ್ತದೆ. ಮೂಳೆ ಮುರಿಯದ, ಕೀಲು ತಪ್ಪದ ಭುಜವನ್ನು ತಿಂಗಳುಗಟ್ಟಲೆ ಕಟ್ಟಿಟ್ಟರೆ ನೋವಿನ ಜೊತೆಗೆ ಬಿಗಿತವೂ ಸೇರಿಕೊಳ್ಳುತ್ತದೆ.

ವ್ಯಾಯಾಮವನ್ನು ಹೀಗೆ ಶುರುಮಾಡಿ. ಮೊದಲ ಎರಡು ವಾರ ಗೋಡೆಯ ಪಕ್ಕದಲ್ಲಿ ನಿಂತು, ಮೊಣಕೈಯನ್ನು ಪಕ್ಕೆಗೆ ತಾಗಿಸಿ ಮಡಚಿ, ಅಂಗೈಯ ಹಿಂಭಾಗದಿಂದ ಗೋಡೆಯನ್ನು ಹೊರಕ್ಕೆ ಒತ್ತಿ ಹಿಡಿಯಿರಿ. ಪೂರ್ತಿ ಬಲ ಬೇಡ, ಅರ್ಧದಷ್ಟು ಸಾಕು. 30ರಿಂದ 45 ಸೆಕೆಂಡು ಹಿಡಿದು ಬಿಡುವುದು, ಐದು ಸಲ, ಬೆಳಿಗ್ಗೆ ಮತ್ತು ಸಂಜೆ. ಕೈ ಅಲುಗದೆ ಸ್ನಾಯು ಮಾತ್ರ ಬಿಗಿಯಾಗುವ ಈ ಬಗೆಯ ವ್ಯಾಯಾಮ ಹಲವರಿಗೆ ನೋವನ್ನೂ ತಗ್ಗಿಸುತ್ತದೆ. ಬಚ್ಚಲಲ್ಲಿ ಬಿಸಿನೀರು ಹಾಕಿಕೊಂಡ ಮೇಲೆ ಮಾಡಿದರೆ ಮೈ ಸಡಿಲವಾಗಿರುತ್ತದೆ.

ಮೂರನೆಯ ವಾರದಿಂದ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಕಿಟಕಿಯ ಸರಳಿಗೆ ಸೊಂಟದ ಎತ್ತರದಲ್ಲಿ ಕಟ್ಟಿ. ಮೊಣಕೈ ಮತ್ತು ಪಕ್ಕೆಯ ನಡುವೆ ಬೈರಾಸನ್ನು (ಟವೆಲ್) ಸುರುಳಿ ಮಾಡಿ ಸಿಕ್ಕಿಸಿಕೊಂಡು, ಅದು ಬೀಳದಂತೆ ಮುಂಗೈಯನ್ನು ಹೊರಕ್ಕೆ ಎಳೆಯಿರಿ. ಹಿಂದಕ್ಕೆ ಬಿಡುವಾಗ ಎಳೆದದ್ದಕ್ಕಿಂತ ನಿಧಾನವಾಗಿರಲಿ. ಹತ್ತರಿಂದ ಹದಿನೈದು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಪೇಟೆಯಲ್ಲಿ ಸಿಗುವ ಬಣ್ಣದ ರಬ್ಬರ್ ಪಟ್ಟಿಯೂ ಆಗುತ್ತದೆ, ಆದರೆ ಟ್ಯೂಬಿನಿಂದ ಆಗದ್ದೇನೂ ಅದರಿಂದ ಆಗುವುದಿಲ್ಲ. ಇದರೊಂದಿಗೆ ಗೋಡೆಗೆ ಕೈಯೂರಿ ತಳ್ಳುವ ದಂಡವನ್ನೂ ಸೇರಿಸಿ. ತಳ್ಳಿದ ಕೊನೆಯಲ್ಲಿ ಬೆನ್ನಿನ ರೆಕ್ಕೆಮೂಳೆಗಳು ಮುಂದಕ್ಕೆ ಜಾರುವಂತೆ ಇನ್ನೊಂದಿಷ್ಟು ಒತ್ತಬೇಕು, ಏಕೆಂದರೆ ಕೈ ಮೇಲೇರುವಾಗ ಆ ಮೂಳೆಯೂ ಜೊತೆಗೆ ತಿರುಗದಿದ್ದರೆ ಭುಜದ ಚಿಕ್ಕ ಸ್ನಾಯುಗಳ ಮೇಲೆ ಭಾರ ಹೆಚ್ಚುತ್ತದೆ.

ಆರು ವಾರದ ಹೊತ್ತಿಗೆ ತಲೆಯ ಮಟ್ಟ ದಾಟುವ ವ್ಯಾಯಾಮ ಬರಬೇಕು. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಹೆಬ್ಬೆರಳು ಮೇಲಿರುವಂತೆ, ನೇರ ಪಕ್ಕಕ್ಕಲ್ಲದೆ ಸ್ವಲ್ಪ ಮುಂದಕ್ಕೆ ಓರೆಯಾಗಿ ಎತ್ತಿ. ನಂತರ ಒಂದು ಲೀಟರ್, ಆಮೇಲೆ ಎರಡು. ಕೊನೆಗೆ ದೋಟಿಯ ಒಂದೆರಡು ತುಂಡುಗಳನ್ನು ಮಾತ್ರ ಜೋಡಿಸಿಕೊಂಡು ಅಂಗಳದಲ್ಲಿ ಅಭ್ಯಾಸ ಮಾಡಿ. ಅನೇಕರು ನೋವು ತಗ್ಗಿದ ಕೂಡಲೇ ಈ ಕೊನೆಯ ಹಂತವನ್ನು ಬಿಟ್ಟು ನೇರವಾಗಿ ತೋಟಕ್ಕಿಳಿಯುತ್ತಾರೆ. ಸೊಂಟದ ಮಟ್ಟದಲ್ಲಿ ಬಲ ಬಂದಿದೆಯೆಂದರೆ ತಲೆಯ ಮೇಲಿನ ಕೆಲಸಕ್ಕೂ ಬಂದಿದೆ ಎಂದರ್ಥವಲ್ಲ.

ಎಷ್ಟು ನೋವಾದರೆ ನಿಲ್ಲಿಸಬೇಕು ಎಂಬುದು ಎಲ್ಲರ ಪ್ರಶ್ನೆ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಮೂರು–ನಾಲ್ಕರವರೆಗೆ ನೋವಿದ್ದರೆ ಮುಂದುವರಿಸಬಹುದು, ಆದರೆ ಅದು ಮರುದಿನದೊಳಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಮರುದಿನವೂ ಹೆಚ್ಚಾಗಿಯೇ ಉಳಿದಿದ್ದರೆ ಭಾರವನ್ನೋ ಸಂಖ್ಯೆಯನ್ನೋ ತಗ್ಗಿಸಿ, ವ್ಯಾಯಾಮವನ್ನೇ ಬಿಟ್ಟುಬಿಡಬೇಡಿ. ರಾತ್ರಿ ಎಡಮಗ್ಗುಲಿಗೆ ಮಲಗಿ, ಬಲತೋಳಿನ ಕೆಳಗೆ ಒಂದು ದಿಂಬಿಟ್ಟುಕೊಂಡರೆ ನಿದ್ರೆ ಕೆಡುವುದು ಕಡಿಮೆಯಾಗುತ್ತದೆ.

ಇದಕ್ಕೆಲ್ಲ ಸುಮಾರು 12 ವಾರ ಬೇಕು. ಮೊದಲ ಸಿಂಪಡಣೆಯ 40–45 ದಿನಗಳ ಮೇಲೆ ಬರುವ ಎರಡನೆಯ ಸುತ್ತಿಗೆ ನಿಮ್ಮ ಭುಜ ಸಿದ್ಧವಾಗಿರುವುದಿಲ್ಲ; ಆ ಸಲ ದೋಟಿಯನ್ನು ಬೇರೆಯವರಿಗೆ ಕೊಟ್ಟು, ನೀವು ಸುಣ್ಣ–ಮೈಲುತುತ್ತ ಕದಡುವುದು, ಪೈಪ್ ಎಳೆಯುವುದು ಇಷ್ಟಕ್ಕೆ ನಿಲ್ಲಿ. ಗುರಿ ಕೊಯ್ಲಿನ ಕಾಲಕ್ಕಿರಲಿ. ಆಗ ದೋಟಿ ಹಿಡಿದಾಗಲೂ ಒಂದು ಕ್ರಮ ಬೇಕು. ನೆಟ್ಟಗೆ ನಿಂತ ದೋಟಿಯ ಭಾರ ಅಂಗೈಯ ಮೇಲೆ ಕೂರುತ್ತದೆ. ತುದಿ ಸ್ವಲ್ಪ ವಾಲಿದರೂ ಅದನ್ನು ತಡೆದು ನಿಲ್ಲಿಸುವ ಕೆಲಸವೆಲ್ಲ ಭುಜಕ್ಕೆ ಬೀಳುತ್ತದೆ. ಆದ್ದರಿಂದ ಕೈ ಚಾಚಿ ಪಕ್ಕದ ಮರದ ಗೊನೆಗೆ ತಾಗಿಸುವ ಬದಲು ನಾಲ್ಕು ಹೆಜ್ಜೆ ನಡೆದು ಆ ಮರದ ಬುಡಕ್ಕೆ ಹೋಗಬೇಕು. ಮರದಿಂದ ಮರಕ್ಕೆ ಹೋಗುವಾಗ ದೋಟಿಯ ಬುಡವನ್ನು ನೆಲಕ್ಕೂರಿ ಕೈ ಇಳಿಸಿ. ಇಬ್ಬರಿದ್ದರೆ ಅರ್ಧ ಗಂಟೆಗೊಮ್ಮೆ ಕೆಲಸ ಬದಲಿಸಿಕೊಳ್ಳಿ.

ನೀವು ಕೇಳಿದ ಉಳಿದ ಸಂಗತಿಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಕರೆಂಟ್ ಎಂದು ನಾವು ಕರೆಯುವ ಟೆನ್ಸ್, ಐಎಫ್‌ಟಿ ಯಂತ್ರಗಳು ಕೊಡುವುದು ತಾತ್ಕಾಲಿಕ ನೋವುಶಮನ. ಅವುಗಳಿಂದ ಟೆಂಡನ್ನಿಗೆ ಬಲ ಬರುವುದಿಲ್ಲ. ಎಣ್ಣೆ ಹಚ್ಚಿ ಮೃದುವಾಗಿ ನೀವಿಸಿಕೊಳ್ಳುವುದರಿಂದ ಹಾನಿಯಿಲ್ಲ, ಆದರೆ ಬೆರಳೂರಿ ನರ ಬಿಡಿಸುತ್ತೇನೆಂದು ತಿಕ್ಕುವವರಿಂದ ದೂರವಿರಿ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ಇಳಿಸುತ್ತದೆ; ನೋವಿನಿಂದ ವ್ಯಾಯಾಮವನ್ನೇ ಮಾಡಲಾಗದವರಿಗೆ ಉಪಯೋಗವಾಗಬಹುದು. ಮತ್ತೆ ಮತ್ತೆ ಹಾಕಿಸಿದರೆ ಟೆಂಡನ್ ದುರ್ಬಲವಾಗುವ ಅಪಾಯವಿದೆ, ಸಕ್ಕರೆ ಇರುವವರಲ್ಲಿ ಸಕ್ಕರೆಯೂ ಏರುತ್ತದೆ.

ಎಂಆರ್‌ಐ ಸದ್ಯಕ್ಕೆ ಬೇಡ. ವಯಸ್ಸು ಅರವತ್ತು ದಾಟಿದವರಲ್ಲಿ ಯಾವ ನೋವೂ ಇಲ್ಲದವರ ಭುಜದಲ್ಲೂ ಟೆಂಡನ್ ಹರಿದಿರುವುದು ಸಾಕಷ್ಟು ಸಾಮಾನ್ಯ. ಹೀಗಾಗಿ ಚಿತ್ರದಲ್ಲಿ ಹರಿದಂತೆ ಕಂಡದ್ದೇ ನೋವಿಗೆ ಕಾರಣವೆಂದು ಹೇಳಲು ಬರುವುದಿಲ್ಲ, ಅದನ್ನು ಓದಿದ ರೋಗಿ ಮಾತ್ರ ಹೆದರಿ ಕೈ ಎತ್ತುವುದನ್ನೇ ಬಿಡುತ್ತಾನೆ. ಮೂರು ತಿಂಗಳ ಕ್ರಮಬದ್ಧ ವ್ಯಾಯಾಮದಿಂದಲೂ ಪ್ರಯೋಜನವಾಗದಿದ್ದರೆ ಅಥವಾ ಬಿದ್ದ ಮೇಲೆ ಬಲ ಹೋಗಿದ್ದರೆ ಅದರ ಮಾತು ಬೇರೆ. ಶಸ್ತ್ರಚಿಕಿತ್ಸೆಯ ಬಗ್ಗೆಯೂ ಒಬ್ಬರು ಬರೆದಿದ್ದರು. ಮೇಲಿನ ಮೂಳೆ ಟೆಂಡನ್ನನ್ನು ಉಜ್ಜುವುದೇ ಕಾರಣವೆಂಬ ವಿಚಾರವನ್ನು 1972ರಲ್ಲಿ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ ಮುಂದಿಟ್ಟ ಮೇಲೆ ಆ ಮೂಳೆಯನ್ನು ಕೆತ್ತುವ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹಬ್ಬಿತು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಮೂಳೆ ಕೆತ್ತಿಸಿಕೊಂಡವರಿಗೂ ಒಳಗೆ ಕ್ಯಾಮೆರಾ ಹಾಕಿ ನೋಡಿ ಏನನ್ನೂ ಕೆತ್ತದೆ ಬಿಟ್ಟವರಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಆ ದಾರಿಗೆ ಅವಸರ ಬೇಡ.

ಚಿಕಿತ್ಸೆಗೆ ಹೋಗುವಾಗ ಬಿಪಿಟಿ ಪದವಿ ಪಡೆದ ಫಿಸಿಯೋಥೆರಪಿಸ್ಟರ ಬಳಿಗೇ ಹೋಗಿ. ಕೈಯನ್ನು ಮುಟ್ಟಿ ಪರೀಕ್ಷಿಸದೆ, ನಿಮ್ಮ ಕೆಲಸವೇನೆಂದು ಕೇಳದೆ ಯಂತ್ರ ಹಚ್ಚಿ ಮಲಗಿಸುವ ಜಾಗವಾದರೆ ಇನ್ನೊಂದನ್ನು ಹುಡುಕಿಕೊಳ್ಳಿ. ವಾರಕ್ಕೊಮ್ಮೆ ಹೋಗಿ ವ್ಯಾಯಾಮ ತಿದ್ದಿಸಿಕೊಂಡು ಬಂದು ಮನೆಯಲ್ಲಿ ಮಾಡಿದರೆ ಸಾಕು. ಈ ಮಳೆಯಲ್ಲಿ ದಿನವೂ ಬಸ್ಸು ಹತ್ತುವ ಅಗತ್ಯವಿಲ್ಲ. ಮೂಳೆ ವೈದ್ಯರಿಗೇ ತೋರಿಸಬೇಕೆಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗವಿದೆ. ಮೇಲಿನ ಮೂರು ಪರೀಕ್ಷೆಗಳಲ್ಲಿ ಏನು ಕಂಡಿತೆಂದು ಇಲ್ಲಿ ಬರೆದರೆ ವ್ಯಾಯಾಮದಲ್ಲಿ ಏನಾದರೂ ಬದಲಿಸಬೇಕೇ ಎಂದು ಹೇಳುತ್ತೇನೆ.

ಇನ್ನು ಮಗನ ಕಾಲು. ಉಳುಕು ತೆಗೆಯುತ್ತೇನೆಂದು ಪಾದವನ್ನು ತಿರುಚುವವರ ಕೈಗೆ ಕೊಡಬೇಡಿ, ಏಕೆಂದರೆ ಹಿಗ್ಗಿದ ಅಥವಾ ಅರ್ಧ ಹರಿದ ಅಸ್ಥಿಬಂಧ (ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿ) ತಿರುಚಿದರೆ ಪೂರ್ತಿ ಹರಿಯಬಹುದು. ಎಕ್ಸ್‌ರೇ ಬೇಕೇ ಎಂಬುದನ್ನು ತೀರ್ಮಾನಿಸಲು ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ನಿಯಮವನ್ನು ಇಂದಿಗೂ ಬಳಸುತ್ತೇವೆ: ಹರಡಿನ ಎರಡೂ ಬದಿಯ ಉಬ್ಬುಮೂಳೆಗಳ ಹಿಂದಿನ ಅಂಚಿನ ಕೆಳಗಿನ 6 ಸೆಂಟಿಮೀಟರ್‌ನಲ್ಲಾಗಲಿ ತುದಿಯಲ್ಲಾಗಲಿ ಒತ್ತಿದಾಗ ನೋವು, ಪಾದದ ಹೊರ ಅಂಚಿನ ನಡುವಿನ ಉಬ್ಬಿನಲ್ಲಿ ಅಥವಾ ಒಳಬದಿಯ ಕಮಾನಿನ ಮೇಲಿನ ಮೂಳೆಯಲ್ಲಿ ನೋವು, ಇಲ್ಲವೇ ನಾಲ್ಕು ಹೆಜ್ಜೆ ಊರಿ ನಡೆಯಲಾಗದಿರುವುದು – ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ ಮಾಡಿಸಬೇಕು. ಒಂದೂ ಇಲ್ಲದಿದ್ದರೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ಮಲಗಿದಾಗ ಕಾಲನ್ನು ಎತ್ತರಕ್ಕಿಟ್ಟು, ತಾಳುವಷ್ಟು ಊರಿ ನಡೆಯಲು ಬಿಡಿ. ಊತ ಇಳಿದ ಮೇಲೆ ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸದಿಂದ ಶುರುಮಾಡಿಸಿ, ನಂತರ ಕಣ್ಣು ಮುಚ್ಚಿ ನಿಲ್ಲಿಸಿ, ಹಿಮ್ಮಡಿ ಎತ್ತಿ ಇಳಿಸುವುದನ್ನು ಸೇರಿಸಿ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದು ಬಹುಮಟ್ಟಿಗೆ ಈ ಸಮತೋಲನದ ಅಭ್ಯಾಸವನ್ನು ಬಿಟ್ಟವರಲ್ಲಿ. ಆ ಕಾಲೊಂದರ ಮೇಲೆಯೇ ಮುಂದಕ್ಕೆ, ಪಕ್ಕಕ್ಕೆ ನೋವಿಲ್ಲದೆ ಕುಪ್ಪಳಿಸಿ, ಓಡುತ್ತ ಒಮ್ಮೆಲೇ ದಿಕ್ಕು ಬದಲಿಸಲು ಬರುವವರೆಗೆ ಅವನನ್ನು ಅಂಕಣಕ್ಕೆ ಇಳಿಸಬೇಡಿ.